ಖಂಡೆ ಪೂಜೆಗೆ ನಿಲ್ಲಿಸಿದ ಸರ್ವರ್

ನಾನು ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಲ್ಲಿಗೆ ಹೆದರುತ್ತೇನೆ, ಮಿಲ್ಲಿನ ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ದಾಟಲು ಹೆದರುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಯಾರಿಗೆ ಏನಾಯಿತೋ ಎಂದುಕೊಂಡೇ ಎತ್ತುತ್ತೇನೆ. ಇಂಥವಳ ಕೈಗೆ ದಾಂಡೇಲಿಯ ಒಂದು ಆಸ್ಪತ್ರೆಯ ಸರ್ವರ್ ಒಪ್ಪಿಸಿದವರ ಧೈರ್ಯವನ್ನು ಮೆಚ್ಚಬೇಕು.

ಆಸ್ಪತ್ರೆ ದೊಡ್ಡದೇನಲ್ಲ. ಎರಡು ವಾರ್ಡು, ಒಂದು ಆಪರೇಷನ್ ಕೋಣೆ, ಅಂಗಳದ ಆಚೆ ಬೇರೆ ಕಟ್ಟಡದಲ್ಲಿ ಔಷಧಿ ಅಂಗಡಿ. ಮಿಲ್ ಕೆಲಸದವರು, ಹಳಿಯಾಳದ ಕಡೆಯ ಹಳ್ಳಿಯವರು, ಜೋಯಿಡಾದ ಕಾಡಿನೊಳಗಿಂದ ಜೀಪು ಹಿಡಿದು ಬರುವವರು, ಎಲ್ಲರೂ ಬರುತ್ತಾರೆ. ನಾನು ಅಲ್ಲಿ ಟೈಪಿಸ್ಟ್. ಡಾಕ್ಟರು ಗೀಚಿದ ಕೇಸ್ ಪೇಪರನ್ನು ನೋಡಿಕೊಂಡು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಹಾಗೆ ಹಾಕಿದ್ದೆಲ್ಲ ಹಿಂದಿನ ಕೋಣೆಯಲ್ಲಿರುವ ಒಂದು ಕಪ್ಪು ಪೆಟ್ಟಿಗೆಗೆ ಹೋಗಿ ಸೇರುತ್ತದೆ. ಅದೇ ಸರ್ವರ್. ಯಾರಿಗೆ ಯಾವಾಗ ಏನಾಗಿತ್ತು, ಏನು ಕೊಟ್ಟಿದ್ದರು, ಇನ್ನು ಮುಂದೆ ಏನು ಕೊಡಬಾರದು, ಎಲ್ಲವೂ ಅದರೊಳಗೆ. ಹಳೆಯ ಕಾಗದಗಳನ್ನು ಕಟ್ಟು ಕಟ್ಟಿ ಮೆಟ್ಟಿಲ ಕೆಳಗೆ ಇಟ್ಟಿದ್ದೆವು. ಅವನ್ನು ಗೆದ್ದಲು ಒಂದೂ ಬಿಡದೆ ತಿಂದು ಮುಗಿಸಿತ್ತು.

ಆ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದವನು ಗೋವಾದಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಹೊರಟುಹೋದ. ಮ್ಯಾನೇಜರ್ ನನ್ನನ್ನು ಕರೆಸಿದರು. ಅವರು ನನ್ನ ಅಪ್ಪನ ವಯಸ್ಸಿನವರು, ಆಸ್ಪತ್ರೆಯ ಹೆಣ್ಣುಮಕ್ಕಳನ್ನೆಲ್ಲ ಯವ್ವಾ ಎಂದೇ ಕರೆಯುತ್ತಾರೆ.

“ಯವ್ವಾ, ಹಳಿಯಾಳದಾಗ ಐದು ದಿನದ ಟ್ರೇನಿಂಗ್ ಐತಂತ. ಸರ್ವರ್ ಹೆಂಗ ನೋಡ್ಕೋಬೇಕು, ಕಳ್ಳರ ಕೈಗೆ ಸಿಗದಂಗ ಹೆಂಗ ಇಡಬೇಕು, ಎಲ್ಲಾ ಹೇಳಿಕೊಡ್ತಾರಂತ. ನೀ ಹೋಗಿ ಬಾ.”

“ನನಗ ಏನ್ ತಿಳೀತೈತ್ರಿ ಅದರಾಗ?”

“ಟೈಪಿಂಗ್ ಬರ್ತೈತಲ್ಲ, ಸಾಕು.”

ಸೈಕಲ್ ಹೊಡೆಯಲು ಬಂದರೆ ಲಾರಿ ಹೊಡೆಯಲೂ ಬರುತ್ತದೆ ಅನ್ನುವ ಲೆಕ್ಕ. ಒಲ್ಲೆ ಅನ್ನಬೇಕಿತ್ತು. ಆದರೆ ಒಲ್ಲೆ ಅನ್ನಲಿಕ್ಕೂ ನನಗೆ ಹೆದರಿಕೆ.

ತರಬೇತಿ ನಡೆದದ್ದು ಹಳಿಯಾಳದ ಒಂದು ಹಳೆಯ ಹಾಲ್‌ನಲ್ಲಿ. ಹನ್ನೆರಡು ಜನ ಇದ್ದೆವು, ಹೆಂಗಸು ನಾನೊಬ್ಬಳೇ. ನನ್ನ ಪಕ್ಕದ ಕುರ್ಚಿಯಲ್ಲಿ ಸಾಂಬ್ರಾಣಿಯ ಕಡೆಯ ಒಬ್ಬ ಶಾಲಾ ಗುಮಾಸ್ತರು. ಕಲಿಸುವ ಸರ್ ತೆಳ್ಳಗಿನ ಮನುಷ್ಯ, ಅರ್ಧ ತೋಳಿನ ಬಿಳಿ ಅಂಗಿ, ಹಣೆಗೆ ವಿಭೂತಿ, ಮುಖದಲ್ಲಿ ನಗು ಅನ್ನುವುದು ಔಷಧಕ್ಕೂ ಇಲ್ಲ. ಬಂದವರೇ ನಮಸ್ಕಾರ ಕೂಡ ಹೇಳದೆ ಕೇಳಿದರು:

“ನಿಮ್ಮ ನಿಮ್ಮ ಪಾಸ್‌ವರ್ಡ್ ಎಲ್ಲಿ ಬರೆದಿಟ್ಟೀರಿ, ಒಬ್ಬೊಬ್ಬರಾ ಹೇಳ್ರಿ.”

ಒಬ್ಬರು ಕ್ಯಾಲೆಂಡರಿನ ಹಿಂದೆ ಅಂದರು. ಒಬ್ಬರು ಟೇಬಲ್ಲಿನ ಗಾಜಿನ ಕೆಳಗೆ. ಸಾಂಬ್ರಾಣಿಯವರು ಊಟದ ಡಬ್ಬಿಯ ಮುಚ್ಚಳದ ಒಳಗೆ. ನನ್ನ ಸರದಿ ಬಂತು.

“ಈಶ್ವರನ ಫೋಟೋದ ಹಿಂದರಿ.”

“ಈಶ್ವರನ್ನ ವಾಚ್‌ಮನ್ ಮಾಡೀರಿ,” ಅಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮೊದಲ ಮೂರು ದಿನ ಅವರು ನಮ್ಮನ್ನು ಹೆದರಿಸಿದ ಪರಿ ಹೇಳತೀರದು. ಒಂದು ಸುಳ್ಳು ಇ-ಮೇಲ್ ತೆರೆದರೆ ಇಡೀ ಆಫೀಸಿಗೆ ಹೇಗೆ ಬೀಗ ಬೀಳುತ್ತದೆ, ಕೆಲಸ ಬಿಟ್ಟುಹೋದವನ ಹೆಸರು ತೆಗೆಯದೆ ಬಿಟ್ಟರೆ ಅವನು ಮನೆಯಲ್ಲಿ ಕುಳಿತೇ ಹೇಗೆ ಒಳಗೆ ಬರುತ್ತಾನೆ, ಎಲ್ಲ ಮಾಡಿ ತೋರಿಸಿದರು. ನಾನು ಮನೆಗೆ ಹೋಗಿ ಅನ್ನ ಕಲಸುವಾಗಲೂ ಅದೇ ಯೋಚನೆ. ಅವರು ಪದೇಪದೇ ಹೇಳಿದ ಮೂರು ಮಾತು ನನ್ನ ನೋಟ್‌ಬುಕ್ಕಿನಲ್ಲಿ ಈಗಲೂ ಇವೆ. ದಿನಾ ಒಂದು ನಕಲು ತೆಗೆದಿಡಿ. ಮಷೀನನ್ನೂ ನಕಲನ್ನೂ ಒಂದೇ ಸೂರಿನಡಿ ಇಡಬೇಡಿ, ಇನ್ನೊಂದು ನಕಲು ಬೇರೆ ಊರಿನಲ್ಲಿರಲಿ. ಮೂರನೆಯದು: ವರ್ಷಗಟ್ಟಲೆ ನಿಲ್ಲದೆ ಓಡಿದ ಮಷೀನನ್ನು ಸುಮ್ಮಸುಮ್ಮನೆ ನಿಲ್ಲಿಸಬೇಡಿ. ಓಡುವ ತನಕ ಓಡುತ್ತದೆ, ಒಮ್ಮೆ ನಿಂತರೆ ಏಳದೆಯೂ ಇರಬಹುದು. ನಿಲ್ಲಿಸಲೇಬೇಕಾದರೆ ಮೊದಲು ನಕಲನ್ನು ತೆರೆದು ಓದಿ ನೋಡಿ.

ನಾಲ್ಕನೆಯ ದಿನ ಪರೀಕ್ಷೆ. ಪ್ರತಿಯೊಬ್ಬರ ಮುಂದೆಯೂ ಒಂದೊಂದು ಮಷೀನು. ಸರ್ ಬಂದು ಅದರ ಡಿಸ್ಕನ್ನು ಕಿತ್ತುಕೊಂಡು ಹೋಗುತ್ತಾರೆ. ನಾವು ಖಾಲಿ ಡಿಸ್ಕ್ ಹಾಕಿ, ನಕಲಿನಿಂದ ಎಲ್ಲವನ್ನೂ ಮತ್ತೆ ತುಂಬಬೇಕು. ತಪ್ಪಿದರೆ ಒಂದು ಅಪಾಯ ಇದೆ ಅಂದರು. ಎಲ್ಲಿಂದ ಎಲ್ಲಿಗೆ ಅನ್ನುವುದು ಅದಲುಬದಲಾದರೆ ಖಾಲಿ ಡಿಸ್ಕೇ ತುಂಬಿದ್ದರ ಮೇಲೆ ನಕಲಾಗಿ, ಇದ್ದದ್ದೂ ಅಳಿಸಿಹೋಗುತ್ತದೆ.

ಅಷ್ಟು ಕೇಳಿದ್ದೇ ತಡ, ನನ್ನ ಕೈ ಬೆವೆತು ಕೀಲಿಮಣೆ ಒದ್ದೆಯಾಯಿತು. ಪರದೆಯ ಮೇಲೆ ‘ಮುಂದುವರಿಯಲೇ?’ ಎಂಬ ಪ್ರಶ್ನೆ ಬಂದು ನಿಂತಿದೆ, ನನಗೆ ಒತ್ತಲಾಗುತ್ತಿಲ್ಲ. ಪಕ್ಕದ ಸಾಂಬ್ರಾಣಿಯವರಿಗೆ ಕನಿಕರ ಬಂತು. “ಸರೀರಿ ಅಕ್ಕಾರ, ನಾ ಮಾಡ್ತೇನಿ,” ಅಂದು ಕುರ್ಚಿ ಎಳೆದುಕೊಂಡು ಬಂದು ನನ್ನದನ್ನೂ ಮಾಡಿ ಮುಗಿಸಿದರು. ನಾನು ನೋಡಲೂ ಇಲ್ಲ, ಕಿಟಕಿಯ ಕಡೆ ಮುಖ ಮಾಡಿದ್ದೆ. ಸರ್ ಬಂದು ಪರದೆ ನೋಡಿ, ಒಂದು ಕಾಗದ ಮುಂದೆ ಹಿಡಿದರು. ‘ಈ ಅಭ್ಯಾಸವನ್ನು ನಾನೇ ಮಾಡಿದ್ದೇನೆ’ ಎಂದಿತ್ತು ಅದರಲ್ಲಿ. ನಾನು ಸಹಿ ಹಾಕಿದೆ. ಮರುದಿನ ಸರ್ಟಿಫಿಕೇಟ್ ಕೊಟ್ಟರು. ಮ್ಯಾನೇಜರ್ ಅದಕ್ಕೆ ಕಟ್ಟು ಹಾಕಿಸಿ, ಸರ್ವರ್ ಕೋಣೆಯ ಗೋಡೆಗೆ, ಈಶ್ವರನ ಪಕ್ಕದಲ್ಲೇ ತೂಗುಹಾಕಿದರು. ದಿನಾ ಬೆಳಿಗ್ಗೆ ಅದು ಕಣ್ಣಿಗೆ ಬೀಳದ ಹಾಗೆ ತಲೆ ತಗ್ಗಿಸಿಯೇ ಈಶ್ವರನಿಗೆ ಕೈಮುಗಿಯುತ್ತಿದ್ದೆ.

ಉಳಿದದ್ದನ್ನೆಲ್ಲ ಹೇಳಿದಂತೆಯೇ ಮಾಡಿದೆ. ಗೋವಾಕ್ಕೆ ಹೋದವನ ಹೆಸರು ತೆಗೆದೆ. ಫೋಟೋದ ಹಿಂದಿನ ಚೀಟಿ ಹರಿದುಹಾಕಿ ಹೊಸ ಪಾಸ್‌ವರ್ಡ್ ಬಾಯಿಪಾಠ ಮಾಡಿದೆ. ದಿನಾ ಸಂಜೆ ಒಂದು ಸಣ್ಣ ಡಿಸ್ಕಿಗೆ ನಕಲು ತೆಗೆದು, ಅಂಗಳ ದಾಟಿ, ಔಷಧಿ ಅಂಗಡಿಯ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಇನ್ನೊಂದು ಡಿಸ್ಕನ್ನು ಕೆಂಪು ಚೀಲದಲ್ಲಿ ಹಾಕಿ ಪಾಳಾದಲ್ಲಿರುವ ನನ್ನ ಅಕ್ಕನ ಮನೆಯಲ್ಲಿಟ್ಟಿದ್ದೆ. ಮ್ಯಾನೇಜರೇ ಒಪ್ಪಿಗೆ ಕೊಟ್ಟಿದ್ದರು, ಪಾಸ್‌ವರ್ಡ್ ಇಲ್ಲದೆ ತೆರೆಯದ ಹಾಗೆ ಅದಕ್ಕೆ ಬೀಗವೂ ಇತ್ತು. ಒಂದೆರಡು ತಿಂಗಳಿಗೊಮ್ಮೆ ಅಕ್ಕನ ಊರಿಗೆ ಹೋದಾಗ ತಂದು, ಹೊಸದಾಗಿ ತುಂಬಿ, ಮತ್ತೆ ಇಟ್ಟುಬರುತ್ತಿದ್ದೆ. “ಇದಕ್ಕ ಯಾರೂ ಕೈ ಹಚ್ಚಬಾರದು, ಅಕ್ಕಾ,” ಅಂತ ಪ್ರತಿ ಸಲವೂ ಹೇಳುತ್ತಿದ್ದೆ. “ಆತಬಿಡ ಮಾರಾಯ್ತಿ, ಎಷ್ಟ್ ಸಲ ಹೇಳ್ತಿ?” ಅನ್ನುತ್ತಿದ್ದಳು.

ಮಾಡದೇ ಉಳಿದದ್ದು ಒಂದೇ. ತೆಗೆದಿಟ್ಟ ನಕಲನ್ನು ಒಮ್ಮೆಯೂ ತೆರೆದು ನೋಡಲಿಲ್ಲ. ನೋಡೋಣ ಅಂತ ಕುಳಿತಾಗಲೆಲ್ಲ ಆ ‘ಮುಂದುವರಿಯಲೇ?’ ಕಣ್ಮುಂದೆ ಬರುತ್ತಿತ್ತು. ನಾಳೆ ನೋಡಿದರಾಯಿತು ಅಂತ ಏಳುತ್ತಿದ್ದೆ.

ಆ ವರ್ಷ ದಸರೆಯ ನವಮಿ, ಖಂಡೆ ಪೂಜೆಯ ದಿನ, ಜೋಯಿಡಾದ ಒಳಹಳ್ಳಿಯಿಂದ ಒಬ್ಬ ಬಸುರಿಯನ್ನು ಜೀಪಿನಲ್ಲಿ ಕರೆತಂದರು. ಇಪ್ಪತ್ತೈದರ ಒಳಗಿನ ಹುಡುಗಿ, ಎರಡನೆಯ ಹೆರಿಗೆ. ಮನೆಮಾತು ಕೊಂಕಣಿ, ಕನ್ನಡ ಅಷ್ಟಕ್ಕಷ್ಟೆ. ಮೊದಲ ಹೆರಿಗೆಯೂ ನಮ್ಮಲ್ಲೇ, ಆಪರೇಷನ್ ಮಾಡಿಯೇ ಆಗಿತ್ತು. ಆಗ ಯಾವುದೋ ಒಂದು ಇಂಜೆಕ್ಷನ್ ಅವಳಿಗೆ ಒಗ್ಗದೆ, ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿ, ಸತ್ತು ಬದುಕಿದ್ದಳು. ಯಾವ ಇಂಜೆಕ್ಷನ್ ಅಂತ ಅವಳಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಬರೆದುಕೊಟ್ಟ ಚೀಟಿ ಮಳೆಗಾಲದಲ್ಲಿ ನೆನೆದು ಹಿಟ್ಟಾಗಿತ್ತು. ಆಗಿನ ಡಾಕ್ಟರು ತೀರಿಕೊಂಡಿದ್ದರು. ಈಗಿನ ಡಾಕ್ಟರಮ್ಮ ನನ್ನ ಟೇಬಲ್ಲಿಗೇ ಬಂದು ಹೇಳಿದರು:

“ಇವರ ಹಳೇ ರೆಕಾರ್ಡ್ ತೆಗೆದು ಪ್ರಿಂಟ್ ಕೊಡ್ರಿ. ಯಾವ ಇಂಜೆಕ್ಷನ್ ಆಗಿ ಬರಲಿಲ್ಲ ಅನ್ನೋದು ನನಗ ಬೇಕು. ನಾಡಿದ್ದು ಮುಂಜಾನೆ ಹತ್ತಕ್ಕ ಆಪರೇಷನ್.”

“ಕೊಡ್ತೇನ್ರಿ,” ಅಂದೆ.

ಎರಡು ನಿಮಿಷದ ಕೆಲಸ. ಹೆಸರು ಹಾಕಿದರೆ ಪುಟ ಬರುತ್ತದೆ. ಆದರೆ ಆಗಲೇ ಹೂ ಕಟ್ಟುವುದು, ಅಂಗಳ ಸಾರಿಸುವುದು ಶುರುವಾಗಿತ್ತು, ನನ್ನ ಕೈಯಲ್ಲಿ ಚೆಂಡುಹೂವಿನ ಬುಟ್ಟಿ ಇತ್ತು. ಇನ್ನೂ ಎರಡು ದಿನ ಇದೆಯಲ್ಲ ಎಂದುಕೊಂಡೆ. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಖಂಡೆ ಪೂಜೆ ಅಂದರೆ ನಮ್ಮ ಕಡೆ ಹತಾರಗಳ ಪೂಜೆ. ದುಡಿಯುವ ಸಾಮಾನನ್ನೆಲ್ಲ ಒಂದು ಕಡೆ ಕೂಡಿಸಿ, ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಪೂಜೆಯಾದ ಮೇಲೆ ಮರುದಿನ ದಶಮಿಯ ತನಕ ಅವಕ್ಕೆ ವಿಶ್ರಾಂತಿ. ಆಸ್ಪತ್ರೆಯಲ್ಲಿ ಎಲ್ಲವನ್ನೂ ನಿಲ್ಲಿಸಲು ಆಗುವುದಿಲ್ಲ, ಆದರೂ ಹೆಚ್ಚಿಗೆ ಇದ್ದ ಕತ್ತರಿ, ತೂಕದ ಯಂತ್ರ, ಆಂಬ್ಯುಲೆನ್ಸಿನ ಜಾಕು ಎಲ್ಲ ಬಂದು ಸರ್ವರ್ ಕೋಣೆಯ ಮುಂದಿನ ಜಗುಲಿಯ ಮೇಲೆ ಕುಳಿತವು. ಗೋವಾಕ್ಕೆ ಹೋದವನು ಪ್ರತಿ ವರ್ಷ ಓಡುವ ಸರ್ವರಿನ ಮೇಲೆಯೇ ಒಂದು ಹೂವಿಟ್ಟು ಕೈಮುಗಿಯುತ್ತಿದ್ದ. ಈ ಸಲ ಮ್ಯಾನೇಜರ್ ಒಳಗೆ ಇಣುಕಿ ನೋಡಿದರು.

“ಯವ್ವಾ, ಇದು ಇನ್ನೂ ಓಡಾಕತ್ತೈತಲ್ಲ?”

“ಇದನ್ನ ನಿಲ್ಲಿಸೂದು ಬ್ಯಾಡ್ರಿ.”

“ಓಡು ಮಷೀನಿಗೆ ಯಾರರ ಪೂಜಿ ಮಾಡ್ತಾರೇನು? ವರ್ಷಪೂರ್ತಿ ದುಡೀತೈತಿ, ಒಂದ್ ದಿನ ಮಲಗ್ಲಿ. ನಿನಗ ಬಂದ್ ಮಾಡಾಕ ಬರ್ತೈತಿಲ್ಲೋ? ಟ್ರೇನಿಂಗ್ ಆಗೇತಲ್ಲ?”

ಹಿಂದೆ ಐದಾರು ಜನ ನಿಂತಿದ್ದರು. ಗೋಡೆಯ ಮೇಲೆ ನನ್ನ ಸರ್ಟಿಫಿಕೇಟಿಗೂ ಯಾರೋ ಕುಂಕುಮ ಹಚ್ಚಿದ್ದರು. ಸರ್ ಹೇಳಿದ ಮಾತು ನೆನಪಿತ್ತು. ನಿಲ್ಲಿಸುವ ಮುಂಚೆ ನಕಲನ್ನು ತೆರೆದು ಓದಬೇಕು. ತೆರೆಯಲು ಕುಳಿತರೆ, ಬರುವುದಿಲ್ಲ ಅನ್ನುವುದು ಎಲ್ಲರೆದುರು ಬಯಲಾಗುತ್ತದೆ. “ಬರ್ತೈತ್ರಿ,” ಅಂದೆ. ನಿಲ್ಲಿಸಿದೆ. ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತುಹೋಯಿತು. ಆ ಕೋಣೆ ಸುಮ್ಮನಿದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಆ ಔಷಧಿ ಅಂಗಡ್ಯಾಗ ಒಂದು ಸಣ್ಣದ ಐತಲ್ಲ, ಅದನ್ನೂ ತಾ. ಹತಾರ ಎಲ್ಲಾ ಒಂದ ಕಡೆ ಕೂಡಬೇಕು,” ಅಂದರು.

ಅದನ್ನೂ ನಾನೇ ತಂದೆ. ಕೈಯಾರೆ. ಒಂದೇ ಸೂರಿನಡಿ ಇಡಬೇಡಿ ಅಂದಿದ್ದರು, ನಾನು ಸರ್ವರಿನ ಮುಂದೆಯೇ ಒಂದು ಹರಿವಾಣದಲ್ಲಿ ಇಟ್ಟೆ. ಮ್ಯಾನೇಜರ್ ಮೂರು ಬೆರಳಿನಿಂದ ಸರ್ವರಿಗೆ ವಿಭೂತಿ ಎಳೆದರು, ಕುಂಬಳಕಾಯಿ ಇಳಿಸಿದರು, ಕಾಯಿ ಒಡೆದು, ಬಟ್ಟಲಲ್ಲಿ ಹಿಡಿದ ನೀರನ್ನು ಬಿಲ್ವಪತ್ರಿಯಿಂದ ಎಲ್ಲದರ ಮೇಲೂ ಚಿಮುಕಿಸಿ, ಉಳಿದದ್ದನ್ನು ಹರಿವಾಣದ ಹೂಗಳ ಮೇಲೆ ಸುರಿದರು. ನಾವು ಕೈಮುಗಿದೆವು. ನಾನು ಬೇಡಿಕೊಂಡದ್ದೂ ಅದನ್ನೇ, ಏನೂ ಆಗದಿರಲಿ ಅಂತ.

ದಶಮಿಯ ಬೆಳಿಗ್ಗೆ ಏಳಕ್ಕೆ ಹೋಗಿ ಸರ್ವರಿನ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ದೀಪ ಹತ್ತಿತು. ನಿಟ್ಟುಸಿರು ಬಿಡಬೇಕು ಅನ್ನುವಷ್ಟರಲ್ಲಿ ಒಳಗಿನಿಂದ ಟಕ್, ಟಕ್, ಟಕ್ ಅಂತ ಸದ್ದು. ಉಗುರಿನಿಂದ ಮೇಜು ಬಡಿದ ಹಾಗೆ. ಆಮೇಲೆ ಅದೂ ಇಲ್ಲ. ಪರದೆಯ ಮೇಲೆ ಡಿಸ್ಕ್ ಕಾಣುತ್ತಿಲ್ಲ ಎಂಬ ಒಂದು ಸಾಲು. ಮತ್ತೆ ಒತ್ತಿದೆ. ಮತ್ತೆ ಟಕ್, ಟಕ್, ಟಕ್. ನಾಲ್ಕು ಸಲ ಒತ್ತಿದೆ.

ನಕಲು ಇದೆಯಲ್ಲ ಅಂತ ಹರಿವಾಣದ ಕಡೆ ಓಡಿದೆ. ಬಾಡಿದ ಹೂಗಳನ್ನು ಸರಿಸಿದರೆ, ತಳದಲ್ಲಿ ನಿಂತ ಕಾಯಿನೀರಿನಲ್ಲಿ ಡಿಸ್ಕ್ ಅರ್ಧ ಮುಳುಗಿ ಕುಳಿತಿತ್ತು. ಅದರ ಸಂದಿಯಿಂದ ಸಣ್ಣ ಕೆಂಪಿರುವೆಗಳು ಸಾಲುಗಟ್ಟಿ ಹೊರಗೆ ಬರುತ್ತಿದ್ದವು. ಒರೆಸಿ, ಕೊಡವಿ, ಕಂಪ್ಯೂಟರಿಗೆ ಹಚ್ಚಿದೆ. ಕಮಟು ವಾಸನೆ ಬಂತು, ಮತ್ತೇನೂ ಬರಲಿಲ್ಲ.

ನೆಲದ ಮೇಲೆ ಕುಳಿತುಬಿಟ್ಟೆ. ಆ ಹುಡುಗಿಯ ಪುಟವನ್ನು ಮೂರು ವರ್ಷದ ಹಿಂದೆ ಟೈಪ್ ಮಾಡಿದವಳು ನಾನೇ. ಆ ಇಂಜೆಕ್ಷನ್ನಿನ ಹೆಸರು ಇದೇ ಹತ್ತು ಬೆರಳುಗಳಿಂದ ಹೋಗಿದೆ. ಕಣ್ಣು ಮುಚ್ಚಿ, ಮೇಜಿನ ಮೇಲೆ ಬೆರಳಿಟ್ಟು, ಬೆರಳಿಗಾದರೂ ನೆನಪಿದ್ದೀತೇನೋ ಅಂತ ನೋಡಿದೆ. ದಿನಕ್ಕೆ ಮೂವತ್ತು ನಲವತ್ತು ಪುಟ ಹೊಡೆಯುವವಳಿಗೆ ಯಾವುದು ನೆನಪಿರುತ್ತದೆ? ಏನೂ ಬರಲಿಲ್ಲ. ಅಳು ಬಂತು.

ಡಾಕ್ಟರಮ್ಮನಿಗೆ ಹೇಳಲೇಬೇಕಿತ್ತು, ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

“ಹುಬ್ಬಳ್ಳಿಗೆ ಕಳಿಸಿದ್ರೂ ಅವರೂ ಇದನ್ನ ಕೇಳ್ತಾರ. ನಾಳೆ ಹತ್ತರೊಳಗ ಸಿಕ್ಕರ ಹೇಳ್ರಿ. ಇಲ್ಲಂದ್ರ ಹೆಚ್ಚಾಗಿ ಪೆನಿಸಿಲಿನ್ ಜಾತೀದಾ ಮಂದಿಗೆ ಒಗ್ಗೂದಿಲ್ಲ, ಅದನ್ನ ಬಿಟ್ಟು ಬೇರೆ ಕೊಡ್ತೇನಿ. ಅಂದಾಜಿನ ಮ್ಯಾಲೆ ಹೋಗೂದು. ಕೂಸು ನಿಮ್ಮ ಮಷೀನಿಗೆ ಕಾಯೂದಿಲ್ಲ.”

ಅಂದಾಜು. ಆ ಮಾತು ಕಿವಿಯಲ್ಲಿ ಇಟ್ಟುಕೊಂಡು ಹಳಿಯಾಳದ ಸರ್‌ಗೆ ಫೋನ್ ಹಚ್ಚಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಕೊನೆಗೆ ಅದನ್ನೂ ಹೇಳಿದೆ.

“ಸರ್, ನಾಲ್ಕನೇ ದಿನದ ಅಭ್ಯಾಸ ನಾ ಮಾಡಿರಲಿಲ್ರಿ. ಬಾಜೂ ಇದ್ದವರು ಮಾಡಿಕೊಟ್ರು. ನಾ ಸುಳ್ಳ ಸಹಿ ಹಾಕಿದೆ. ನನಗ ಅದು ಮಾಡಾಕ ಬರೂದಿಲ್ರಿ.”

“ನಿಮ್ಮ ಕುರ್ಚಿ ಕಿಟಕಿ ಕಡೆ ತಿರುಗಿತ್ತು, ನಾ ನೋಡಿದ್ದೆ,” ಅಂದರು. “ಆವತ್ತ ಕೇಳಬೇಕಿತ್ತು. ಹನ್ನೆರಡು ಮಂದಿ ಪಾಸ್ ಆದ್ರು ಅಂತ ಬರೀಬೇಕಿತ್ತು, ಬರದೆ. ಅದು ನನ್ನ ತಪ್ಪು. ಈಗ ಅಳಬ್ಯಾಡ್ರಿ. ಬ್ಯಾರೆ ಊರಾಗ ಒಂದು ನಕಲು ಇಟ್ಟೀರೋ ಇಲ್ಲೋ?”

“ಪಾಳಾದಾಗ ಐತ್ರಿ. ಅಕ್ಕನ ಮನ್ಯಾಗ.”

“ಅದನ್ನ ಯಾರ ಕೈಲೂ ತರಿಸಬ್ಯಾಡ್ರಿ. ನೀವಾ ಹೋಗಿ ತರ್ರಿ. ನಾಳೆ ಮುಂಜಾನೆ ಆರಕ್ಕ ಫೋನ್ ಮಾಡ್ರಿ, ನಾ ಇರ್ತೇನಿ.”

ಹಬ್ಬದ ದಿನ, ಬಸ್ಸು ಕಿಕ್ಕಿರಿದಿತ್ತು. ಹಳಿಯಾಳದಲ್ಲಿ ಒಂದು ಬದಲಿಸಿ, ಮುಂಡಗೋಡದಲ್ಲಿ ಇನ್ನೊಂದು ಬದಲಿಸಿ ಹೋಗಬೇಕು. ಹೊಸ ಸೀರೆ ಉಟ್ಟ ಅಜ್ಜಿಯೊಬ್ಬಳು ಪಕ್ಕದಲ್ಲಿ ಕುಳಿತು, ಚೀಲದಿಂದ ಬನ್ನಿ ಎಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. “ಬನ್ನಿ ತಗೊಂಡು ಬಂಗಾರದಂಗ ಇರೂಣು,” ಅಂದಳು. ಹಬ್ಬದಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ನಾನು ಎಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಆಗಲೇ ಇನ್ನೊಂದು ಯೋಚನೆ ತಲೆಗೆ ಬಂದು ಕುಳಿತಿತ್ತು. ಖಂಡೆ ಪೂಜೆ ದಾಂಡೇಲಿಯಲ್ಲಿ ಮಾತ್ರ ಆಗುತ್ತದೆಯೇ? ಪಾಳಾದಲ್ಲೂ ಆಗುತ್ತದೆ. ಅಕ್ಕನ ಮನೆ ಒಕ್ಕಲುತನದ ಮನೆ. ಅಲ್ಲಿ ನೇಗಿಲು, ಕುಡುಗೋಲು, ಮಿಕ್ಸರು, ಹೊಲಿಗೆ ಮಷೀನು, ಒಂದನ್ನೂ ಬಿಡುವುದಿಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಹೌದು ಅಂದುಬಿಟ್ಟರೆ ಆ ಬಸ್ಸಿನಲ್ಲಿ ಹೇಗೆ ಕೂರುವುದು?

ಮುಂಡಗೋಡದಿಂದ ಪಾಳಾಕ್ಕೆ ಹೋಗುವ ದಾರಿಯಲ್ಲಿ ನಾನು ಏನು ನೋಡಿದೆನೋ ಒಂದೂ ನೆನಪಿಲ್ಲ. ಅಂಗೈಯಲ್ಲಿದ್ದ ಬನ್ನಿ ಎಲೆ ಬೆವರಿಗೆ ಮುದ್ದೆಯಾಗಿತ್ತು.

ಅಕ್ಕನ ಮನೆಯ ಪಡಸಾಲೆಗೆ ಕಾಲಿಟ್ಟವಳೇ ದೇವರ ಮೂಲೆ ನೋಡಿದೆ. ನೇಗಿಲು, ಕುಡುಗೋಲು, ಔಷಧಿ ಹೊಡೆಯುವ ಪಂಪು ಸಾಲಾಗಿ ನಿಂತಿದ್ದವು. ಸಾಲಿನ ತುದಿಯಲ್ಲಿ, ಕುಂಕುಮದ ಬೊಟ್ಟು ಹೊತ್ತು, ಮೇಲೆ ಕಾಯಿಹೋಳು ಇರಿಸಿಕೊಂಡು, ನನ್ನ ಕೆಂಪು ಚೀಲ. ಒದ್ದೆಯಾಗಿತ್ತು. ಹೊಸ್ತಿಲಲ್ಲೇ ಕುಸಿದೆ.

ಅಕ್ಕ ಒಳಗಿಂದ ಹೋಳಿಗೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಏನಾತ? ಯಾರಿಗೇನಾತ?”

ನಾನು ಚೀಲದ ಕಡೆ ಬೆರಳು ಮಾಡಿದೆ.

“ಅದಾ? ಅದರಾಗ ನನ್ನ ಹೊಲಿಗಿ ಕತ್ರಿ ಅದಾವ.”

“ನಂದು?”

“ನಿಂದು ಅಕ್ಕಿ ಡಬ್ಬ್ಯಾಗ ಐತಿ. ಪೂಜಿ ಮುಂದ ಇಡು ಅಂದ್ರು ನಿಮ್ಮ ಭಾವ. ನಾ ಇಡಲಿಲ್ಲ. ಯಾರೂ ಕೈ ಹಚ್ಚಬಾರದು ಅಂತ ನೂರು ಸಲ ಹೇಳಿ ತಲಿ ತಿಂದಿದ್ದೆಲ್ಲ, ಅದಕ್ಕ ದೇವರಿಗೂ ಹಚ್ಚಗೊಡಲಿಲ್ಲ.”

ಅಕ್ಕಿಯ ಡಬ್ಬಿಗೆ ಮೊಳಕೈತನಕ ಕೈ ಹಾಕಿ, ಸ್ಟೀಲಿನ ಸಣ್ಣ ಡಬ್ಬಿಯೊಂದನ್ನು ತೆಗೆದಳು. ಒಳಗೆ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಸುತ್ತಿದ ಡಿಸ್ಕು. ಒಣಗಿತ್ತು, ತಣ್ಣಗಿತ್ತು. ಅಕ್ಕನನ್ನು ತಬ್ಬಿಕೊಂಡು ಅತ್ತೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಉಂಡು ಹೋಗು ಅಂತ ಬೈಯುತ್ತಲೇ ನಾಲ್ಕು ಹೋಳಿಗೆ ಕಟ್ಟಿಕೊಟ್ಟಳು. ದಾಂಡೇಲಿ ಸೇರುವಾಗ ರಾತ್ರಿ ಬಹಳ ಹೊತ್ತಾಗಿತ್ತು. ದಾರಿಯುದ್ದಕ್ಕೂ ಡಿಸ್ಕನ್ನು ಎದೆಗೆ ಅವಚಿ ಹಿಡಿದಿದ್ದೆ, ಬಸ್ಸು ಕುಲುಕಿದಾಗಲೆಲ್ಲ ಎದೆಯೂ ಕುಲುಕುತ್ತಿತ್ತು.

ಮರುದಿನ ಬೆಳಿಗ್ಗೆ ಆರಕ್ಕೆ ಕೌಂಟರಿನ ಕಂಪ್ಯೂಟರಿನ ಮುಂದೆ ಕುಳಿತೆ. ಸರ್ವರ್ ಸತ್ತಿತ್ತು, ಈ ಸಣ್ಣ ಕಂಪ್ಯೂಟರಿನ ಮೇಲೆಯೇ ಎಲ್ಲವನ್ನೂ ತುಂಬಬೇಕು ಅಂದರು ಸರ್. ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿಕೊಂಡೆ. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಹಣೆಯ ವಿಭೂತಿ ಹಾಗೇ ಇತ್ತು, ಮುಖ ಮಾತ್ರ ಸುಣ್ಣದ ಹಾಗಾಗಿತ್ತು. ಅವರೂ ನನ್ನಷ್ಟೇ ಹೆದರಿದ್ದಾರೆ ಅಂತ ಆಗ ಗೊತ್ತಾಯಿತು.

“ಹೆದರಿಕಿ ಆಗೇತೇನ್ರಿ?” ಸರ್ ಕೇಳಿದರು.

“ಭಾಳ ಆಗೇತ್ರಿ.”

“ನನಗೂ ಆಗೇತಿ. ಒಂದು ಕಾಗದದ ಮ್ಯಾಲೆ ಏನೇನು ಮಾಡಬೇಕು ಬರಕೋರಿ. ಒಂದು ಮುಗಿದ ಮ್ಯಾಲೆ ಒಂದು. ಮುಂದಿನದನ್ನ ನೋಡಬ್ಯಾಡ್ರಿ.”

ಪಾಸ್‌ವರ್ಡ್ ಕೇಳಿತು. ಹೊಡೆದೆ, ತಪ್ಪು ಅಂದಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ಮೂರನೆಯ ಸಲ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಂಡು ಒತ್ತಿದೆ, ತೆರೆಯಿತು. ಸುಮಾರು ಎಂಟರ ಹೊತ್ತಿಗೆ ಆ ಪ್ರಶ್ನೆ ಬಂದು ನಿಂತಿತು. ಮುಂದುವರಿಯಲೇ?

ಕಿಟಕಿಯ ಕಡೆ ನೋಡಿದೆ. ಅಲ್ಲಿ ಸಾಂಬ್ರಾಣಿಯವರು ಇರಲಿಲ್ಲ.

“ಎಲ್ಲಿಂದ, ಎಲ್ಲಿಗೆ? ಬಾಯಿಬಿಟ್ಟು ಓದ್ರಿ,” ಅಂದರು ಸರ್.

ಪರದೆಯ ಮೇಲಿದ್ದ ಉದ್ದನೆಯ ಸಾಲುಗಳು ನನ್ನ ಕಣ್ಣಿಗೆ ಕಲಸಿಕೊಂಡವು. ಎರಡು ಸಲ ಓದಿದೆ. ಮೂರನೆಯ ಸಲ ಬೆರಳಿಟ್ಟು ಓದಿದೆ.

“ಪಾಳಾದಿಂದ ದಾಂಡೇಲಿಗ್ರಿ.”

“ಹಂಗಾರ ಒತ್ರಿ.”

ಒತ್ತಿದೆ. ಕಣ್ಣು ಮುಚ್ಚಲಿಲ್ಲ. ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಅಷ್ಟು ನಿಧಾನವಾಗಿ ಹೋಗುವ ವಸ್ತುವನ್ನು ನಾನು ಬದುಕಿನಲ್ಲಿ ಇನ್ನೊಂದು ನೋಡಿಲ್ಲ. ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಆ ಹುಡುಗಿಯನ್ನು ತಯಾರು ಮಾಡಿ, ಹಸಿರು ಅಂಗಿ ತೊಡಿಸಿ, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದು ನನಗೆ ಕೌಂಟರಿನಿಂದ ಕಾಣುತ್ತಿತ್ತು. ಹತ್ತಕ್ಕೆ ಹನ್ನೆರಡು ನಿಮಿಷ ಇರುವಾಗ ಗೆರೆ ಮುಗಿಯಿತು. ಅವಳ ಹೆಸರು ಹಾಕಿದೆ.

ಪುಟ ಬಂತು. ಮೂರು ವರ್ಷದ ಹಿಂದೆ ನಾನು ಹೊಡೆದ ಅಕ್ಷರಗಳು. ಪ್ರಿಂಟ್ ಆಗುವ ತನಕ ಕಾಯಲಿಲ್ಲ, ಹೆಸರನ್ನು ಅಂಗೈ ಮೇಲೆ ಬರೆದುಕೊಂಡು ಓಡಿದೆ.

ಡಾಕ್ಟರಮ್ಮ ಕೈ ತೊಳೆದು ನಿಂತಿದ್ದರು. ಅವರ ಪಕ್ಕದ ಟ್ರೇಯಲ್ಲಿ ಇಂಜೆಕ್ಷನ್ನುಗಳನ್ನು ಸಾಲಾಗಿ ತೆಗೆದಿಟ್ಟಿದ್ದರು. ನಾನು ಅಂಗೈ ಚಾಚಿದೆ. ಅವರು ಅಂಗೈಯನ್ನು ನೋಡಿದರು. ಆಮೇಲೆ ಟ್ರೇಯನ್ನು ನೋಡಿದರು. ಪೆನಿಸಿಲಿನ್ ಬೇಡವೆಂದು, ಅಂದಾಜಿನ ಮೇಲೆ, ಅದರ ಬದಲಿಗೆ ತೆಗೆದಿಟ್ಟಿದ್ದ ಸಣ್ಣ ಬಾಟಲಿಯ ಮೇಲೆ ಅದೇ ಹೆಸರಿತ್ತು.

ಅವರು ಸಿಸ್ಟರಿಗೆ ಸನ್ನೆ ಮಾಡಿದರು. ಸಿಸ್ಟರ್ ಆ ಬಾಟಲಿಯನ್ನು ತೆಗೆದು ಡಬ್ಬಿಗೆ ಎಸೆದರು. ಗಾಜು ಒಡೆದ ಸದ್ದು ಬಂತು.

ನಾನು ಹೊರಗೆ ಬಂದೆ. ಆ ಹುಡುಗಿ ಕುಳಿತಿದ್ದ ಬೆಂಚಿನ ಮೇಲೆಯೇ, ಅವಳ ಪಕ್ಕದಲ್ಲಿ ಕುಳಿತೆ. ಕೈ ನಡುಗುತ್ತಿತ್ತು, ನಿಲ್ಲಿಸಲು ಹೋದರೆ ಇನ್ನೂ ಹೆಚ್ಚು ನಡುಗಿತು. ಅವಳಿಗೆ ಸರ್ವರೂ ಗೊತ್ತಿಲ್ಲ, ಪಾಳಾವೂ ಗೊತ್ತಿಲ್ಲ. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಶಾಯಿಯಲ್ಲಿ ಆ ಹೆಸರು ಬರೆದಿದ್ದ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ತನಗೆ ಬರುವಷ್ಟು ಕನ್ನಡದಲ್ಲಿ ನನಗೆ ಸಮಾಧಾನ ಹೇಳಿದಳು.

“ಹೆದರಬ್ಯಾಡ್ರಿ ಅಕ್ಕಾ. ನನಗ ಏನೂ ಆಗೂದಿಲ್ಲ.”